ಕುತ್ತಿಗೆಯ ನರ

ಚಿಟಿಕೆ ಉಪ್ಪು ಎತ್ತುವುದೂ ಒಂದು ವಿದ್ಯೆ ಎಂದು ಹುಲಿಗೆಮ್ಮನಿಗೆ ಗೊತ್ತಾಗಿದ್ದು ಆ ಬೆಳಿಗ್ಗೆ, ಪ್ರಯೋಗಾಲಯದ ಉದ್ದ ಮೇಜಿನ ಮುಂದೆ. ತಟ್ಟೆಯಲ್ಲಿ ಉಪ್ಪಿತ್ತು. ಕೈಯಿತ್ತು. ಬೆರಳುಗಳೂ ಇದ್ದವು. ಆದರೆ ಹೆಬ್ಬೆರಳು ಮಾತ್ರ ಯಾರದೋ ಮನೆಯ ಅಳಿಯನಂತೆ ಪಕ್ಕಕ್ಕೆ ತಿರುಗಿ ಕೂತಿತ್ತು. ಎಷ್ಟು ಕರೆದರೂ ಉಳಿದ ಬೆರಳುಗಳ ಹತ್ತಿರ ಬರಲೊಲ್ಲದು.

"ಎತ್ತವಾ, ಎತ್ತು. ಪಲ್ಯಾ ಸಪ್ಪಗ ಆಗಾಕತ್ತೇತಿ," ಎಂದ ಹಿಂದಿನ ಬೆಂಚಿನವನೊಬ್ಬ. ತರಗತಿ ಗೊಳ್ಳೆಂದಿತು.

ಅವಳ ಮಣಿಕಟ್ಟಿಗೆ ಸುತ್ತಿದ್ದದ್ದು ಮೌನಪಟ್ಟಿ. ನೋಡಲು ರಕ್ತದೊತ್ತಡ ಅಳೆಯುವ ಪಟ್ಟಿಯಂತೆಯೇ. ಒಳಮೈಗೆ ಮಾತ್ರ ನಾಣ್ಯದಗಲದ ಬಿಲ್ಲೆಗಳ ಸಾಲು. ಒಂದೊಂದು ಬಿಲ್ಲೆಯೂ ಕಿವಿಗೆ ಕೇಳದಷ್ಟು ಕೀರಲು ಸದ್ದನ್ನು ಮೈಯೊಳಕ್ಕೆ ಕಳಿಸುತ್ತದೆ. ಒಂದೇ ಬಿಲ್ಲೆಯ ಸದ್ದಿಗೆ ಏನೂ ಆಗದು. ಎಲ್ಲ ಸದ್ದೂ ಒಂದೇ ಬಿಂದುವಿನಲ್ಲಿ ಕೂಡಿದರೆ ಅಲ್ಲಿರುವ ನರ ಮರಗಟ್ಟಿ ಮೌನವಾಗುತ್ತದೆ. ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕೂತರೆ ಕಾಲು ಜೋಮು ಹಿಡಿಯುವುದಿಲ್ಲವೇ, ಹಾಗೆ. ಪಟ್ಟಿ ಬಿಚ್ಚಿದ ಕೆಲವು ನಿಮಿಷಕ್ಕೆ ನರ ಮೆಲ್ಲಗೆ ಏಳುತ್ತದೆ. ಸದ್ದನ್ನು ಇನ್ನಷ್ಟು ಬಿಗಿ ಮಾಡಿದರೆ ರಕ್ತನಾಳದ ಗೋಡೆಗಳನ್ನೇ ಒತ್ತಿ ಮುಚ್ಚಬಹುದು. ಹರಿಯುವ ರಕ್ತ ನಿಲ್ಲುತ್ತದೆ. ಹಾಗಾಗಿಯೇ ಪಟ್ಟಿ ತರಗತಿಯಿಂದ ಅಂಬ್ಯುಲೆನ್ಸಿಗೂ ಹೊರಟಿತ್ತು.

ಗದಗಿನ ಆ ಅರೆವೈದ್ಯಕೀಯ ಕಾಲೇಜಿಗೆ ಕೊಯ್ದು ಕಲಿಯಲು ಹೆಣ ಸಿಗುತ್ತಿದ್ದದ್ದೇ ಅಪರೂಪ. ಪಟ್ಟಿ ಬಂದ ಮೇಲೆ ಬದುಕಿದ ಮೈಯೇ ಪುಸ್ತಕವಾಯಿತು. ಒಂದು ಅಂಗ ಏನು ಮಾಡುತ್ತದೆಂದು ತಿಳಿಯಬೇಕೆ? ಅದನ್ನು ತುಸು ಹೊತ್ತು ಇಲ್ಲದಂತೆ ಮಾಡಿ ನೋಡು. ಮುಖದ ನರ ಮಲಗಿಸಿದ ದಿನ ಅರ್ಧ ತರಗತಿ ಸೊಟ್ಟಗೆ ನಕ್ಕಿತ್ತು.

"ಮಧ್ಯನರ. ಬಲ ಮಣಿಕಟ್ಟು. ಮೌನವಾಗಿದೆ," ಎಂದಿತು ಪಟ್ಟಿ, ತಿಳಿಯಾದ ಹೆಣ್ಣುದನಿಯಲ್ಲಿ.

ಆ ದನಿ ಪಾಠ ಹೇಳುತ್ತಿದ್ದ ಕಸ್ತೂರಿ ಬಡಿಗೇರಳದ್ದೇ. ಪಟ್ಟಿಗೆ ಕನ್ನಡ ಕಲಿಸಿದವಳೂ ಅವಳೇ. ಪಠ್ಯಪುಸ್ತಕದಿಂದ ಒಂದೊಂದು ಪದ ಹೆಕ್ಕಿ, ಅದರ ಅರ್ಥ ಹೇಳಿ, ಉಚ್ಚಾರ ಮಾಡಿ ತೋರಿಸಿ, ಒಂದಿಡೀ ಬೇಸಿಗೆ ರಜೆಯನ್ನು ಅದಕ್ಕೆ ಸುರಿದಿದ್ದಳು. ಆಡಿದ ಮಾತು ಅರ್ಥ ಮಾಡಿಕೊಂಡು ಕೆಲಸ ಮಾಡುವ ಯಂತ್ರ ಅದು. ತಪ್ಪು ಪದ ಕೊಟ್ಟರೆ ತಪ್ಪು ಕೆಲಸ. ಹಾಗಾಗಿ ತರಗತಿಯಲ್ಲಿ ಅವಳು ಪದಗಳ ವಿಷಯದಲ್ಲಿ ಭಾರಿ ಕಟ್ಟುನಿಟ್ಟು.

"ಸರಿ. ಈಗ ಹೇಳು ಹುಲಿಗೆಮ್ಮ. ನಿನ್ನ ಕೈಯಿಂದ ರಕ್ತ ವಾಪಸ್ ಹೃದಯಕ್ಕ ಒಯ್ಯೂದು ಯಾವುದು?"

ಹುಲಿಗೆಮ್ಮ ಮುಂಗೈ ಮೇಲೆ ಹಸಿರಾಗಿ ಉಬ್ಬಿದ್ದನ್ನು ತೋರಿಸಿ, "ಈ ನರಾ ರೀ ಅಕ್ಕೋರ," ಎಂದಳು.

ಮತ್ತೆ ನಗು. ಕೊಪ್ಪಳದ ಕಡೆಯ ಹುಡುಗಿ. ಟೀಚರಮ್ಮನಿಗೆ ಊರಲ್ಲಿ 'ಅಕ್ಕೋರು' ಎಂದೇ ಕರೆದು ರೂಢಿ. 'ಮೇಡಂ' ಬಾಯಿಗೆ ಹತ್ತಿರಲಿಲ್ಲ. ಹಾಗೆಯೇ ಅಭಿಧಮನಿಯೂ.

"ನರ ಅಂದ್ರ ಸುದ್ದಿ ಒಯ್ಯೂದು. ಚುಚ್ಚಿದ್ದು, ಸುಟ್ಟದ್ದು ಮಿದುಳಿಗೆ ಹೇಳೂದು, ಮಿದುಳಿನ ಹುಕುಂ ಸ್ನಾಯುವಿಗೆ ಮುಟ್ಟಸೂದು. ರಕ್ತ ಹೃದಯದಿಂದ ಹೊರಗ ಒಯ್ಯೂದು ಅಪಧಮನಿ, ವಾಪಸ್ ತರೂದು ಅಭಿಧಮನಿ. ಎಷ್ಟು ಸಲ ಹೇಳಬೇಕು?"

"ಅಪ, ಅಭಿ ಎರಡೂ ಅವಳಿ-ಜವಳಿ ಇದ್ದಂಗ ಅದಾವ್ರಿ. ಯಾವುದು ಅಣ್ಣ, ಯಾವುದು ತಮ್ಮ ತಿಳೀವಲ್ದು. ನಮ್ಮ ಕಡೆ ಎಲ್ಲಾಕೂ ನರಾನ ಅಂತಾರ್ರೀ."

"ನಿಮ್ಮ ಕಡೆ ಅಂತಾರಂತ ಯಂತ್ರ ಕೇಳಂಗಿಲ್ಲ, ನರಹುಲಿ."

ಚರ್ಮದ ಮೇಲೆ ಏಳುವ ಗಂಟಿನ ಹೆಸರು ಅದು. ನರ ನರ ಎನ್ನುವ ಹುಲಿಗೆಮ್ಮನಿಗೆ ಕಸ್ತೂರಿಯೇ ಯಾವತ್ತೋ ಅಂಟಿಸಿದ್ದು. ಅಂದಿನಿಂದ ಹಾಸ್ಟೆಲಿನಲ್ಲೂ ಅದೇ ಹೆಸರು. ಹುಲಿಗೆಮ್ಮ ಎಲ್ಲರ ಜೊತೆ ತಾನೂ ನಕ್ಕಳು. ನಗುವಾಗ ತಲೆ ಮಾತ್ರ ಕೆಳಗಿತ್ತು.

ಬಿಡುವಿನ ವೇಳೆಗೆ ಹುಬ್ಬಳ್ಳಿಯಿಂದ ಸಮೀರ ಮುಧೋಳನ ಫೋನು. ಪಟ್ಟಿಗಳ ನಿಯಂತ್ರಣ ಕೊಠಡಿಯ ಎಂಜಿನಿಯರ್. ಸುತ್ತಲ ಜಿಲ್ಲೆಗಳ ಯಾವ ಮೂಲೆಯಲ್ಲಿ ಯಾವ ಪಟ್ಟಿ ಏನು ಮಾಡುತ್ತಿದೆ ಎಂದು ಗೋಡೆಯಗಲದ ಪರದೆಯ ಮೇಲೆ ನೋಡುತ್ತ ಕೂತಿರುವವನು.

"ಮೇಡಂ, ಸೋಮವಾರ ಅಂಬ್ಯುಲೆನ್ಸ್‌ಗಳಿಗೆ ಪಟ್ಟಿ ಕೊಡ್ತೇವಿ. ಒಂದು ಮಾತು ಕೇಳಬೇಕಿತ್ತು. ನಿಮ್ಮ ಪದಗಳ ಜೋಡಿ ಜನರ ಪದಗಳನ್ನೂ ಸ್ವಲ್ಪ ಕಲಿಸೋಣೇನು? ಡ್ರೈವರ್, ಊರ ಮಂದಿ ಎಲ್ಲಾರೂ ಮಾತಾಡ್ತಾರ ಅದರ ಜೋಡಿ."

"ಬ್ಯಾಡ್ರಿ ಸಮೀರ. ನರ ಅಂದ್ರ ಒಬ್ಬಂವಾ ರಕ್ತನಾಳ ಅಂತಾನ, ಇನ್ನೊಬ್ಬಂವಾ ಸ್ನಾಯು ಉಳುಕಿದ್ರೂ ನರ ಅಂತಾನ. ಒಂದು ಪದಕ್ಕ ಒಂದ ಅರ್ಥ ಇರಬೇಕು. ಬಳಸವ್ರು ಕಲೀಲಿ."

"ಹಂಗಾದ್ರ ಬಿಡ್ರಿ. ಸರಿಯಾದ ಪದ ಹೇಳಿದ್ರ ಸರಿಯಾದ ಕೆಲಸ."

"ಅಷ್ಟ," ಎಂದಳು ಕಸ್ತೂರಿ.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಒಲೆ ಹೊತ್ತಿಸುವ ಪೈಕಿ ಅವಳು. ಗಂಡ ರೈಲ್ವೆಯಲ್ಲಿ ಗಾರ್ಡು. ಮನೆಗಿಂತ ಹೊಸಪೇಟೆ ದಾರಿಯಲ್ಲೇ ಹೆಚ್ಚು. ಹತ್ತು ವರ್ಷದ ಮಗಳು ಸಿಂಚನಾ ಅಡುಗೆಕಟ್ಟೆಯ ಮೇಲೇ ಕೂತು, ತಾಯಿ ಚಾರ್ಜಿಗೆಂದು ತಂದ ಪಟ್ಟಿಯ ಜೊತೆ ಹರಟುತ್ತಿದ್ದಳು.

"ವಪೆ ಅಂದ್ರ ಏನು?"

"ವಪೆ ಎಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ, ಕಮಾನಿನಾಕಾರದ ಸ್ನಾಯು," ಎಂದಿತು ಪಟ್ಟಿ. "ಅದು ಕೆಳಗೆ ಸರಿದಾಗ ಶ್ವಾಸಕೋಶಕ್ಕೆ ಗಾಳಿ ತುಂಬುತ್ತದೆ, ಹೊಟ್ಟೆ ಉಬ್ಬುತ್ತದೆ."

"ಇನ್ನೊಮ್ಮೆ ಹೇಳು."

ಪಟ್ಟಿ ಅದೇ ತಾಳ್ಮೆಯಿಂದ ಇನ್ನೊಮ್ಮೆ ಹೇಳಿತು.

"ಅವ್ವಾ, ಪಟ್ಟಿ-ಅವ್ವ ಭಾಳ ಛಲೋ ಅದಾಳ. ಎಷ್ಟ್ ಸಲ ಕೇಳಿದ್ರೂ ಸಿಟ್ಟ ಮಾಡಂಗಿಲ್ಲ. ನಿನ್ನ ದನೀನ, ಆದ್ರ ಬೈಯಂಗಿಲ್ಲ."

"ಆಕಿಗೆ ರೊಟ್ಟಿ ಬಡಿಯೂದಿಲ್ಲಲ್ಲ, ಬಟ್ಟೆ ಒಗಿಯೂದಿಲ್ಲಲ್ಲ. ಕೆಳಗಿಳಿ, ಊಟಾ ಮಾಡು."

ಒಣಗಿ ಗರಿಗರಿಯಾದ ಖಟಿ ರೊಟ್ಟಿ, ಶೇಂಗಾ ಚಟ್ನಿ. ಗಬಗಬ ತಿಂದ ಹುಡುಗಿಗೆ ಬಿಕ್ಕಳಿಕೆ ಹತ್ತಿತು. "ಹಿಕ್! ಅಪ್ಪ ನನ್ನ ನೆನಸಾಕತ್ತಾನ."

"ಅಪ್ಪ ಸಿಗ್ನಲ್ ನೋಡಾಕತ್ತಾನ. ಅದು ವಪೆ ತಟಕ್ಕನ ಜಗ್ಗೂದು. ಅದಕ್ಕ ಹುಕುಂ ಕೊಡೂ ನರ ಕುತ್ತಿಗ್ಯಾಗ ಹುಟ್ಟಿ ಎದಿ ದಾಟಿ ಕೆಳಗ ಹೋಗ್ತೈತಿ. ವಪೆನರ. ನೀರು ಕುಡಿ."

"ಹೊಟ್ಟಿ ಕೆಲಸಕ್ಕ ಕುತ್ತಿಗಿಂದ ಯಾಕ?"

"ದೇವರ ಕೇಳ್ಬೇಕು. ಮಕ್ಕಳಿಗೆ ನೆನಪಿರಲಿ ಅಂತ ನಾವು ಪಟ್ಟಿಗೆ 'ಕುತ್ತಿಗೆಯ ನರ' ಅಂತನ ಕಲಿಸೇವಿ."

ಸಿಂಚನಾ ನೀರು ಕುಡಿದು, ತಾಯಿಯ ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು. ದಿನವಿಡೀ ದುಡಿದ ಕೈ. ಮುಂಗೈ ಮೇಲೆ ಗೆರೆಗಳೆದ್ದಿದ್ದವು. ಒಂದನ್ನು ಬೆರಳಿನಿಂದ ಒತ್ತಿ, ಬಿಟ್ಟು, ಮತ್ತೆ ತುಂಬುವುದನ್ನು ನೋಡುತ್ತ, "ನಿನ್ನ ನರಾ ಎಷ್ಟ್ ಉಬ್ಬ್ಯಾವ ಅವ್ವಾ," ಎಂದಳು.

"ನರ ಅಲ್ಲ, ಅಭಿಧಮನಿ."

"ಅಜ್ಜಿ ನರಾ ಅಂತಿದ್ಲು."

"ಅಜ್ಜಿ ಪರೀಕ್ಷೆ ಬರೀಲಿಲ್ಲ. ನೀ ಬರೀಬೇಕು. ಅನ್ನು."

"ಅ-ಭಿ-ಧ-ಮ-ನಿ," ಎಂದು ಹುಡುಗಿ ಆಕಳಿಸುತ್ತ ಅಂದಳು.

ಶನಿವಾರ ಶಾಲೆ ಅರ್ಧ ದಿನ. ಹುಡುಗಿ ಸೀದಾ ಅಮ್ಮನ ಪ್ರಯೋಗಾಲಯಕ್ಕೆ ಬರುವುದು ವಾಡಿಕೆ. ಕಸ್ತೂರಿ ಅಂಬ್ಯುಲೆನ್ಸಿಗೆ ಹೋಗಲಿದ್ದ ಹೊಸ ಪಟ್ಟಿಯೊಂದನ್ನು ಮೇಜಿನ ಮೇಲೆ ಹರಡಿ ಪರೀಕ್ಷಿಸುತ್ತಿದ್ದಳು. ಇದಕ್ಕೆ ಪಕ್ಕದಲ್ಲೊಂದು ಕೆಂಪು ಗುಂಡಿ. ತರಗತಿಯಲ್ಲಿ ಪಟ್ಟಿಗೆ ಬೇಕಾದಷ್ಟು ಕಡಿವಾಣಗಳಿವೆ: ಒಮ್ಮೆಗೆ ಒಂದೇ ನರ, ಅದೂ ಒಂದೇ ಕಡೆ. ಕೆಂಪು ಗುಂಡಿ ಒತ್ತಿದರೆ ಕಡಿವಾಣಗಳೆಲ್ಲ ಬಿಚ್ಚುತ್ತವೆ. ಗಾಬರಿಯಲ್ಲಿ ಯಾರೂ ಕಿತ್ತುಹಾಕದಂತೆ ಕೊಂಡಿಯೂ ಬಿಗಿಯುತ್ತದೆ. ಎರಡೂ ಬದಿಯ ಚಿಲಕ ಒಟ್ಟಿಗೆ ಒತ್ತಿದರಷ್ಟೇ ತೆರೆಯುವುದು.

ಮೂಲೆಯ ಬೆಂಚಿನಲ್ಲಿ ಹುಲಿಗೆಮ್ಮ. ಅಪಧಮನಿ, ಅಭಿಧಮನಿ ಬಾಯಿಗೆ ಹತ್ತುವವರೆಗೆ ಹಾಸ್ಟೆಲಿಗೆ ಹೋಗುವಂತಿಲ್ಲ ಎಂದು ಕಸ್ತೂರಿ ಕೂರಿಸಿದ್ದಳು. ಜಪದಂತೆ ಗುನುಗುಡುವ ಸದ್ದು ಕೇಳುತ್ತಿತ್ತು.

ಸಿಂಚನಾಳಿಗೆ ಆ ಕೋಣೆಯಲ್ಲಿ ಒಬ್ಬ ಗೆಳೆಯನಿದ್ದ: ತೂಗುಹಾಕಿದ ಅಸ್ಥಿಪಂಜರ. ಹುಡುಗರು ಅದಕ್ಕೆ ಬಸಣ್ಣ ಎನ್ನುತ್ತಿದ್ದರು. ಬಂದವಳೇ ತನ್ನ ಶಾಲೆಯ ಟೈ ಬಿಚ್ಚಿ, ಬಸಣ್ಣನ ಕೊರಳಿಗೆ ಕಟ್ಟಲು ಸ್ಟೂಲು ಹತ್ತಿದಳು.

"ಸಿಂಚು, ಇಳಿ ಕೆಳಗ."

"ಬಸಣ್ಣಗ ಸಾಲಿಗೆ ತಡಾ ಆಗೇತಿ ಅವ್ವಾ, ಒಂದ ನಿಮಿಷ—"

ಸ್ಟೂಲಿನ ಒಂದು ಕಾಲು ಗಿಡ್ಡ. ಅದು ಕೋಣೆಯ ಎಲ್ಲರಿಗೂ ಗೊತ್ತಿತ್ತು. ಸಿಂಚನಾ ವಾಲಿದಳು, ಬಸಣ್ಣನನ್ನು ಹಿಡಿದಳು, ಬಸಣ್ಣ ಗರಗರ ತಿರುಗಿ ಕೈಬಿಟ್ಟ. ಪಕ್ಕದಲ್ಲಿದ್ದದ್ದು ಹಳೆಯ ಮಾದರಿಗಳ ಗಾಜಿನ ಕಪಾಟು. ಗಾಜು ಒಡೆದ ಸದ್ದು ದೊಡ್ಡದೇನಲ್ಲ. ಚೂರುಗಳ ನಡುವೆ ಹುಡುಗಿ ನೆಲಕ್ಕೆ ಜಾರಿದಳು.

ಕಸ್ತೂರಿ ಓಡಿದಳು. ಹುಡುಗಿ ಅಂಗಾತ ಬಿದ್ದಿದ್ದಳು. ಬಿಳಿ ಅಂಗಿಯ ಕಾಲರು ಬಿಳಿಯಾಗಿರಲಿಲ್ಲ. ಕುತ್ತಿಗೆಯಿಂದ ಕಡುಗೆಂಪು ರಕ್ತ ಚಿಮ್ಮುತ್ತಿರಲಿಲ್ಲ, ಸುರಿಯುತ್ತಿತ್ತು. ಎಡದಿಂದಲೋ ಬಲದಿಂದಲೋ ಕಾಣುತ್ತಿರಲಿಲ್ಲ.

ಚಿಮ್ಮಿದರೆ ಅಪಧಮನಿ. ಸುರಿದರೆ ಅಭಿಧಮನಿ. ಕುತ್ತಿಗೆಯ ಹೊರಪದರದ್ದು. ಎಡದ್ದು, ಬಲದ್ದು ಎರಡನ್ನೂ ಮುಚ್ಚಿದರೂ ಜೀವಕ್ಕೆ ಅಪಾಯವಿಲ್ಲ, ಒಳಗಿನ ದೊಡ್ಡ ಜೋಡಿ ತಲೆಯ ರಕ್ತವನ್ನು ಇಳಿಸುತ್ತದೆ. ಇಷ್ಟೂ ಅವಳ ತಲೆಯಲ್ಲಿ ಪುಸ್ತಕದ ಪುಟದಂತೆ ಸ್ಪಷ್ಟವಾಗಿ ನಿಂತಿತ್ತು. ತಲೆಯಲ್ಲಿ.

"ಹುಲಿಗೆಮ್ಮ, ಅಂಬ್ಯುಲೆನ್ಸಿಗೆ ಫೋನ್ ಮಾಡು!"

ಬೆರಳಿನಿಂದ ಒತ್ತಿ ಹಿಡಿದಿದ್ದರೆ ಸಾಕಿತ್ತು. ಮೊದಲ ವಾರದ ಪಾಠ ಅದು. ಒತ್ತಿದಳು ಕೂಡ, ಬೆರಳು ರಕ್ತದಲ್ಲಿ ಜಾರಿತು. ಮೇಜಿನ ಮೇಲೆ ಪಟ್ಟಿ ಇತ್ತು, ಜಗತ್ತಿನಲ್ಲಿ ಅವಳು ಎಲ್ಲಕ್ಕಿಂತ ಹೆಚ್ಚು ನಂಬಿದ ವಸ್ತು. ಎಳೆದುಕೊಂಡು ಮಗಳ ಕೊರಳಿಗೆ ಸುತ್ತಿ ಕೆಂಪು ಗುಂಡಿ ಒತ್ತಿದಳು. ಕೊಂಡಿ ಟಕ್ಕೆಂದು ಬಿಗಿಯಿತು.

"ತುರ್ತು ಸ್ಥಿತಿ. ಹೇಳಿ," ಎಂದಿತು ಅವಳದೇ ದನಿ.

"ಕುತ್ತಿಗಿ ನರಾ ಮುಚ್ಚು! ಎರಡೂ ಕಡೆ! ಲಗೂನ ಮುಚ್ಚು!"

"ಸರಿ. ಮಾಡಲಾಗಿದೆ."

ಮಾಡಲಾಗಿದೆ. ಕಸ್ತೂರಿ ಉಸಿರು ಬಿಟ್ಟಳು. ಆದರೆ ಪಟ್ಟಿಯ ಅಂಚಿನಿಂದ ರಕ್ತ ಇನ್ನೂ ಇಳಿಯುತ್ತಲೇ ಇತ್ತು. ಸಿಂಚನಾಳ ಕಣ್ಣು ಅಗಲವಾದವು. ಬಾಯಿ ತೆರೆಯಿತು, ಮಾತು ಬರಲಿಲ್ಲ. ಎರಡೂ ಭುಜ ಕಿವಿಯತ್ತ ಎದ್ದೆದ್ದು ಬಿದ್ದವು, ಪಕ್ಕೆಲುಬು ಅಗಲವಾಗಲು ಹೆಣಗಿದವು, ಆದರೆ ಹೊಟ್ಟೆ ಮೇಲೇಳಲಿಲ್ಲ. ಒಳಕ್ಕೆ ಕುಸಿಯಿತು.

"ನಿಂದ್ರವಲ್ದು... ಯಾಕ ನಿಂದ್ರವಲ್ದು... ನರಾ ಒತ್ತು! ಇನ್ನೂ ಜೋರ ಒತ್ತು!"

"ಕುತ್ತಿಗೆಯ ನರ, ಅಂದರೆ ವಪೆನರ," ಎಂದಿತು ಪಟ್ಟಿ, ಅಡುಗೆಕಟ್ಟೆಯ ಮೇಲೆ ಪಾಠ ಹೇಳಿದ ಅದೇ ತಾಳ್ಮೆಯಲ್ಲಿ. "ಎರಡೂ ಕಡೆ ಈಗಾಗಲೇ ಮೌನವಾಗಿದೆ."

ಕಸ್ತೂರಿಯ ಕೈ ಅಲ್ಲೇ ನಿಂತಿತು.

ವರ್ಷಪೂರ್ತಿ ಇನ್ನೊಬ್ಬರ ಬಾಯಿಂದ ಉಗುಳಿಸಿದ ಪದ, ರಕ್ತ ಕಂಡದ್ದೇ ತಡ, ಅವಳ ಬಾಯಿಂದಲೇ ಹೊರಬಿದ್ದಿತ್ತು. ತನ್ನ ಅವ್ವನ ಪದ. ಅಜ್ಜಿಯ ಪದ. ಯಂತ್ರ ಹೇಳಿದ್ದನ್ನೇ ಮಾಡಿತ್ತು: ಹರಿಯುವ ರಕ್ತವನ್ನು ಹರಿಯಲು ಬಿಟ್ಟು, ಆಡುವ ಉಸಿರನ್ನು ನಿಲ್ಲಿಸಿತ್ತು.

"ಬಿಡು! ಬಿಚ್ಚು!"

"ದಯವಿಟ್ಟು ಪಟ್ಟಿಯನ್ನು ತೆಗೆಯಬೇಡಿ. ನೆರವು ಬರುತ್ತಿದೆ."

ಎರಡು ಚಿಲಕ, ಎರಡು ಬದಿ. ಒಂದು ಕೈ ಗಾಯದ ಮೇಲೆ. "ಹುಲಿಗೆಮ್ಮ!"

ಹುಲಿಗೆಮ್ಮ ಆಗಲೇ ಮೊಣಕಾಲೂರಿ ಕೂತಿದ್ದಳು, ಫೋನನ್ನು ಎಲ್ಲೋ ಎಸೆದು. ಇಬ್ಬರೂ ಒಂದೊಂದು ಬದಿ ಒತ್ತಿದರು. ಹುಲಿಗೆಮ್ಮನ ಬೆರಳು ಜಾರಿತು. ಮತ್ತೆ ಒತ್ತಿದರು. ಕೊಂಡಿ ಕಳಚಿತು. ಪಟ್ಟಿ ನೆಲಕ್ಕೆ ಬಿತ್ತು. ಅಲ್ಲಿಂದಲೂ ಮಾತಾಡುತ್ತಲೇ ಇತ್ತು.

ಸದ್ದು ನಿಂತಿತು, ಆದರೆ ಮಲಗಿದ ನರ ಕರೆದ ಕೂಡಲೇ ಏಳುವುದಿಲ್ಲ. ಅದನ್ನೂ ಅವಳೇ ಪಾಠ ಮಾಡಿದ್ದಳು. ಕೆಲವು ನಿಮಿಷ ಬೇಕು. ಹೆಬ್ಬೆರಳಾದರೆ ಕೆಲವು ನಿಮಿಷ ಉಪ್ಪು ಎತ್ತದೆ ಇರಬಹುದು.

ಹುಡುಗಿಯ ತುಟಿ ನೇರಳೆಯಾಗುತ್ತಿತ್ತು. ಕೊರಳ ಸ್ನಾಯು, ಪಕ್ಕೆಲುಬಿನ ಸ್ನಾಯು ಎಳೆದೆಳೆದು ಒಂದು ಗುಟುಕು ಗಾಳಿ ತರುತ್ತಿದ್ದವು, ಸಾಲದು.

"ಎಬ್ಬಿಸಿ ಕುಂದ್ರಸೋಣ್ರೀ ಅಕ್ಕೋರ, ಕೂಸಿಗೆ ಉಸರಾಡಾಕ—" ಎಂದು ಹುಲಿಗೆಮ್ಮ ತೋಳು ಹಾಕಿದಳು.

ಆ ಮಾತು ತಪ್ಪಲ್ಲ. ವಪೆ ಸೋತವರನ್ನು ಕೂರಿಸಿದರೆ ಹೊಟ್ಟೆಯ ಭಾರ ಕೆಳಗಿಳಿದು ಉಸಿರಿಗೆ ತುಸು ಜಾಗ ಸಿಗುತ್ತದೆ. ಆದರೆ ಕುತ್ತಿಗೆಯಲ್ಲಿ ಸೀಳಿದ ಅಭಿಧಮನಿ ಬಾಯಿ ತೆರೆದಿತ್ತು. ಕೂತ ಮೈಯಲ್ಲಿ, ಉಸಿರಿಗೆ ಹೆಣಗುವ ಎದೆ ಅದರ ಮೂಲಕವೂ ಗಾಳಿ ಹೀರುತ್ತದೆ. ಆ ಗಾಳಿಯ ಗುಳ್ಳೆ ನೇರ ಹೃದಯಕ್ಕೆ. ಕೂರಿಸಿದರೆ ಉಸಿರು ಉಳಿದೀತು, ಮಲಗಿಸಿದರೆ ಹೃದಯ. ಎರಡನ್ನೂ ಉಳಿಸಬೇಕಾದರೆ ಮಲಗಿಸಿಯೇ ಇಟ್ಟು, ಮಗಳ ಬದಲು ತಾನೇ ಉಸಿರಾಡಬೇಕು.

"ಬ್ಯಾಡ! ಮಲಗಿಸು, ತಲೀ ಕೆಳಗ ಇರಲಿ. ನೀ ನರಾ ಒತ್ತಿ ಹಿಡಿ. ನಾ ಹೇಳೂತನಾ ಬಿಡಬ್ಯಾಡ!"

ಹುಲಿಗೆಮ್ಮ ಯಾವ ನರ ಎಂದು ಕೇಳಲಿಲ್ಲ. ತನ್ನ ದುಪಟ್ಟಾದ ಅಂಚನ್ನು ಮುದ್ದೆ ಮಾಡಿ, ರಕ್ತ ಒಸರುತ್ತಿದ್ದ ಬಲಗಡೆ, ಗಾಯದ ಬಾಯಿಗೇ ಎರಡು ಬೆರಳಿಟ್ಟು ಮೈಯ ಭಾರ ಹಾಕಿದಳು. ಗಂಟಲಿಗಲ್ಲ, ಪಕ್ಕಕ್ಕೆ. ಇಳಿಯುತ್ತಿದ್ದ ರಕ್ತ ತೊಟ್ಟಿಕ್ಕಿ, ನಿಂತಿತು.

ಕಸ್ತೂರಿ ಮಗಳ ಗದ್ದವನ್ನು ಮೆಲ್ಲಗೆ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಊದಿದಳು. ಎದೆ ಎದ್ದಿತು. ಬಿಟ್ಟಳು. ಎದೆ ಇಳಿಯಿತು. ಮತ್ತೆ. ಹುಡುಗಿಗೆ ಪ್ರಜ್ಞೆ ಇತ್ತು, ಅದೇ ದೊಡ್ಡ ಕಷ್ಟ. ಹೆದರಿ ತಲೆ ಹೊರಳಿಸಲು ನೋಡುತ್ತಿದ್ದಳು, ಪುಟ್ಟ ಕೈ ತಾಯಿಯ ಸೆರಗನ್ನು ಹಿಡಿದು ಜಗ್ಗುತ್ತಿತ್ತು.

"ನನ್ನ ನೋಡು. ನನ್ನ ನೋಡವಾ. ನಾ ಊದ್ತೀನಿ, ನೀ ಸುಮ್ಮನಿರು. ಈಗ ನಿನ್ನ ಉಸಿರಿನ ಪಾಳಿ ನಂದು."

ಊದು. ಬಿಡು. ಊದು. ಬಿಡು. ತರಗತಿಯಲ್ಲಿ ರಬ್ಬರ್ ಗೊಂಬೆಗೆ ಊದಿದ್ದು ಬೇರೆ. ಆ ಗೊಂಬೆಯ ಬಾಯಲ್ಲಿ ಶೇಂಗಾ ಚಟ್ನಿಯ ವಾಸನೆ ಇರುವುದಿಲ್ಲ. ಕಸ್ತೂರಿಯ ಕಣ್ಣು ಮಾತ್ರ ಓರೆಯಾಗಿ ಮಗಳ ಹೊಟ್ಟೆಯ ಮೇಲೇ ಇತ್ತು. ಅಂಗಿಯ ಕೆಳಗುಂಡಿಯ ಹತ್ತಿರ. ಅದು ಏಳಬೇಕು. ತಾನು ಊದದಿದ್ದಾಗಲೂ ತಾನಾಗಿ ಏಳಬೇಕು.

"ಸೋರಾಕತ್ತೇತೇನು?"

"ಇಲ್ರಿ. ಹಿಡದೇನ್ರಿ." ಹುಲಿಗೆಮ್ಮನ ಬೆರಳು ಕದಲಲಿಲ್ಲ. "ಕೈ ಜೋಮ ಹಿಡದೇತ್ರಿ. ಆದ್ರೂ ಬಿಡಂಗಿಲ್ಲ."

ನೆಲದ ಮೇಲಿನ ಪಟ್ಟಿ, "ಚಿಕಿತ್ಸೆ ಯಶಸ್ವಿಯಾಗಿದೆಯೇ? ಹೌದು ಅಥವಾ ಇಲ್ಲ ಎಂದು ಹೇಳಿ," ಎಂದಿತು.

ಕಸ್ತೂರಿಗೆ ತಲೆ ಸುತ್ತತೊಡಗಿತು. ಇಬ್ಬರ ಉಸಿರನ್ನು ಒಬ್ಬಳೇ ಆಡುವುದು ಸಣ್ಣ ಕೆಲಸವಲ್ಲ. ಹಗಲೆಲ್ಲ ಕಾಲೇಜು, ಸಂಜೆ ಒಲೆ; ಈ ಮಗುವಿಗಾಗಿ ಅವಳು ಎಷ್ಟೋ ದಿನ ಉಸಿರುಕಟ್ಟಿ ದುಡಿದಿದ್ದಾಳೆ. ಆದರೆ ಅದೆಲ್ಲ ಬರೀ ಮಾತಿನ ಮಾತು. ಇದು ನಿಜದ ಉಸಿರು. ಕಣ್ಣಂಚಿನಲ್ಲಿ ಬಸಣ್ಣ ಇನ್ನೂ ಮೆಲ್ಲಗೆ ತಿರುಗುತ್ತಿದ್ದ, ಕೊರಳಲ್ಲಿ ಅರ್ಧ ಕಟ್ಟಿದ ಟೈ.

ಊದಿದಳು. ಬಿಟ್ಟಳು. ಕಾದಳು.

ಹೊಟ್ಟೆ ಏಳಲಿಲ್ಲ.

ಊದಿದಳು. ಬಿಟ್ಟಳು.

ಆಗ ಹುಡುಗಿಯ ಇಡೀ ಮೈ ಒಮ್ಮೆ ತಟಕ್ಕನೆ ಜಿಗಿಯಿತು. ಗಂಟಲಿನಿಂದ ಒಂದು ಸದ್ದು ಹೊರಬಿತ್ತು.

ಹಿಕ್.

ಹುಲಿಗೆಮ್ಮ ಚೀರಿದಳು. "ಏನಾತ್ರೀ ಅಕ್ಕೋರ? ಏನಾತು?"

ಕಸ್ತೂರಿ ಕೈ ಎತ್ತಿ ಸುಮ್ಮನಿರಿಸಿದಳು. ಉಸಿರು ಬಿಗಿಹಿಡಿದು ಅಂಗಿಯ ಕೆಳಗುಂಡಿಯನ್ನೇ ನೋಡಿದಳು. ಗುಂಡಿ ನಡುಗಿತು. ಹಿಕ್. ಮತ್ತೊಮ್ಮೆ. ಆಮೇಲೆ, ಬೇಸಿಗೆಯ ನಲ್ಲಿಯಲ್ಲಿ ಮೊದಲು ಗಾಳಿ ಬಂದು ಆಮೇಲೆ ನೀರು ಬರುವಂತೆ, ಹೊಟ್ಟೆ ಒಂದಿಷ್ಟು ಉಬ್ಬಿತು. ಇಳಿಯಿತು. ತಾನಾಗಿ ಉಬ್ಬಿತು.

ವಪೆ ಎದ್ದಿತ್ತು.

"ಬಿಕ್ಕ ಬರಾಕತ್ತೇತಿ," ಎಂದಳು ಕಸ್ತೂರಿ. ದನಿ ಅವಳದಾಗಿರಲಿಲ್ಲ. "ಬಿಕ್ಕ, ಹುಲಿಗೆಮ್ಮ."

"ಯಾರೋ ನೆನಸಾಕತ್ತಾರ್ರೀ ಕೂಸಿನ್ನ," ಎಂದು ಹುಲಿಗೆಮ್ಮ ಅಳತೊಡಗಿದಳು. ಬೆರಳು ಮಾತ್ರ ಗಾಯದ ಮೇಲೆಯೇ ಇತ್ತು. ಅಂಬ್ಯುಲೆನ್ಸಿನವರು ಬಂದು ಅವಳ ಬೆರಳನ್ನು ಒಂದೊಂದಾಗಿ ಬಿಡಿಸಿ ತೆಗೆಯಬೇಕಾಯಿತು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ ಹೊರಬಂದ ಡಾಕ್ಟರು, "ಗಾಯ ಆಳ ಇಲ್ಲ. ಯಾರೋ ಸರಿಯಾಗಿ ಒತ್ತಿ ಹಿಡಿದಿದ್ದಾರೆ. ಸಲೈನ್ ಏರಿಸೋಣ, ರಕ್ತವೂ ಬೇಕಾಗಬಹುದು," ಎಂದು ಹೋದರು. ಕಸ್ತೂರಿ ಗೋಡೆಗೊರಗಿ ನಿಂತಳು. ಕೂತರೆ ಮತ್ತೆ ಏಳುವುದಿಲ್ಲವೇನೋ ಎಂದು ಹೆದರಿಕೆ. ಗಂಡನಿಗೆ ಫೋನು ಹತ್ತಿರಲಿಲ್ಲ; ಗಾಡಿ ನಡುದಾರಿಯಲ್ಲಿತ್ತು.

ಫೋನು ಗುಣುಗುಟ್ಟಿತು. ಸಮೀರ.

"ಮೇಡಂ! ಅಭಿನಂದನೆ ಹೇಳಬೇಕಿತ್ತು. ನಿಮ್ಮ ಕಡೆಯಿಂದ ಮೊದಲ ತುರ್ತು ಬಳಕೆ ಬಂದದ ಪರದೆ ಮ್ಯಾಲೆ. ಆಜ್ಞೆ ತಿಳೀತು, ಪಾಲಿಸಲಾಯ್ತು, ಹಸಿರು ದೀಪ! ಏನ್ ಕೇಸು ಮೇಡಂ?"

"ನನ್ನ ಮಗಳು."

"ಏನಂದ್ರಿ?"

"ಅಭಿಧಮನಿ ಹರದಿತ್ತು ಸಮೀರ. ನಾ ನರ ಅಂದೆ. ಅದು ಎರಡೂ ವಪೆನರ ಮಲಗಿಸ್ತು. ನಿಮ್ಮ ಹಸಿರು ದೀಪದಾಗ ನನ್ನ ಕೂಸಿನ ಉಸಿರು ನಿಂತಿತ್ತು."

"ದೇವರೇ... ಈಗ?"

"ಉಸಿರಾಡಾಕತ್ತಾಳ. ಸೋಮವಾರ ಪಟ್ಟಿ ಹೊರಗ ಹೋಗಬಾರದು. ಒಂದೂ ಹೋಗಬಾರದು."

ಸಮೀರ ತಡವರಿಸಿದ. "ಮೇಡಂ, ಉದ್ಘಾಟನಾ ನಿಕ್ಕಿ ಆಗೇದ. ಮ್ಯಾಲಿನವ್ರಿಗೆ ನಾ ಏನ್ ಹೇಳ್ಲಿ? ಯಂತ್ರದಾಗ ದೋಷ ಇಲ್ಲಲ್ಲ. ನೀವ ಅಂತಿದ್ರಿ, ಸರಿಯಾದ ಪದ ಹೇಳಿದ್ರ ಸರಿಯಾದ ಕೆಲಸ ಅಂತ."

"ಅಂತಿದ್ದೆ. ರಕ್ತ ಸುರಿಯೂಮುಂದ ಯಾರ ಬಾಯಾಗೂ ಸರಿಯಾದ ಪದ ಬರಂಗಿಲ್ಲ. ಆ ಪದ ಕಲಿಸಿದಾಕಿ ಬಾಯಾಗ ಬರಲಿಲ್ಲ. ಪದ ತಪ್ಪು ಅಂತ ಮ್ಯಾಲಿನವ್ರಿಗೆ ಹೇಳ್ರಿ. ಕಲಿಸಿದಾಕಿ ತಪ್ಪು ಅಂತ ಹೇಳ್ರಿ. ನನ್ನ ಹೆಸರು ಹಾಕ್ರಿ."

"ಹಂಗಾದ್ರ ನರ ಅಂದ್ರ ಅಭಿಧಮನಿ ಅಂತ ತಿದ್ದೋಣೇನು?"

"ಅದೂ ಬ್ಯಾಡ. ನಾಳೆ ಒಬ್ಬಂವಾ ನೋವು ನಿಲ್ಲಸಾಕ ಖರೇನ ನರಾ ಅಂತಾನ, ಅದು ರಕ್ತ ನಿಲ್ಲಸ್ತದ." ಕಸ್ತೂರಿ ಕಣ್ಣು ಮುಚ್ಚಿದಳು. ಗೊತ್ತಿಲ್ಲವೆಂದು ಕೈ ಎತ್ತಿ ಕೇಳಿದ ವಿದ್ಯಾರ್ಥಿಗಿಂತ, ಗೊತ್ತಿದೆ ಎಂದುಕೊಂಡು ಸುಮ್ಮನೆ ಬರೆದುಕೊಂಡವನೇ ಪರೀಕ್ಷೆಯಲ್ಲಿ ಕೆಡುವುದು. "ಕೇಳೂದು ಕಲಿಸ್ರಿ ಅದಕ್ಕ. ನರ ಅಂದ್ರ, ಮುಚ್ಚೂಕಿಂತ ಮೊದಲ ಅದು ತಿರುಗಿ ಕೇಳಬೇಕು: ರಕ್ತ ನಿಲ್ಲಸ್ಲೋ, ನೋವು ನಿಲ್ಲಸ್ಲೋ? ಅಷ್ಟು ಕೇಳಿದ್ರ ನಮ್ಮ ಅವ್ವನೂ ಉತ್ತರಾ ಹೇಳ್ತಿದ್ಲು."

"ಅಷ್ಟು ಹೊತ್ತು ರಕ್ತ ಹೋಗ್ತದಲ್ಲ ಮೇಡಂ?"

"ಅಷ್ಟು ಹೊತ್ತು ಬೆರಳಿಲೆ ಒತ್ತಿ ಹಿಡೀಬೇಕು. ಅದನ್ನೂ ಪಟ್ಟೀನ ಹೇಳಬೇಕು. ಮೊದಲು ಅದನ್ನ ಹೇಳಬೇಕು."

ಫೋನಿಟ್ಟು ತಿರುಗಿದರೆ ಬಾಗಿಲ ಪಕ್ಕದ ನೆಲದಲ್ಲೇ ಹುಲಿಗೆಮ್ಮ ಕೂತಿದ್ದಳು, ಬಲಗೈಯನ್ನು ಎಡಗೈಯಿಂದ ತಿಕ್ಕಿಕೊಳ್ಳುತ್ತ. ದುಪಟ್ಟಾ ಇರಲಿಲ್ಲ. ಕಸ್ತೂರಿ ಅವಳ ಪಕ್ಕದಲ್ಲಿ ಕುಕ್ಕರಿಸಿ, ಆ ಕೈಯನ್ನು ತೆಗೆದುಕೊಂಡು ತಾನೇ ತಿಕ್ಕತೊಡಗಿದಳು.

"ಹುಲಿಗೆಮ್ಮ."

"ರೀ ಮೇಡಂ."

"ಅಕ್ಕೋರ ಅನ್ನು. ಅದ ಛಲೋ ಐತಿ." ತಿಕ್ಕುವುದನ್ನು ನಿಲ್ಲಿಸದೆ, "ಆ ಹೆಸರು ಇಟ್ಟಿದ್ದು ನಂದ ತಪ್ಪು. ಸೋಮವಾರ ತರಗತಿಯೊಳಗನ ಹೇಳ್ತೀನಿ."

ಹುಲಿಗೆಮ್ಮ ಮೂಗೊರೆಸಿಕೊಂಡಳು. "ಅಕ್ಕೋರ, ನೀವೂ ನರಾ ಅಂದ್ರಿ. ನಾ ಕಿವಿಯಾರೆ ಕೇಳೇನಿ."

"ಕೇಳೀ, ಬಿಡು. ಹಾಸ್ಟೆಲ್ಲಿನಾಗ ಹೇಳಬ್ಯಾಡ."

"ಹೇಳದ ಬಿಡ್ತೀನೇನ್ರಿ!"

ಒಳಗಿನಿಂದ ನರ್ಸಮ್ಮ ಕರೆದರು. ಸಿಂಚನಾ ಬಿಳಿ ದಿಂಬಿನ ಮೇಲೆ, ಕುತ್ತಿಗೆಗೆ ದಪ್ಪ ಬಟ್ಟೆಪಟ್ಟಿ, ಮೂಗಿಗೆ ನಳಿಕೆ, ಕಣ್ಣು ಮುಚ್ಚಿದ್ದಳು. ಹೊದಿಕೆಯ ಕೆಳಗೆ ಹೊಟ್ಟೆ ಏಳುತ್ತಿತ್ತು, ಇಳಿಯುತ್ತಿತ್ತು. ಜಗತ್ತಿನಲ್ಲಿ ಅದಕ್ಕಿಂತ ಚೆಂದದ ದೃಶ್ಯ ಕಸ್ತೂರಿ ನೋಡಿರಲಿಲ್ಲ.

ನರ್ಸಮ್ಮ ಹುಡುಗಿಯ ಕೈಯನ್ನು ದೀಪಕ್ಕೆ ಹಿಡಿದು ಹೊರಳಿಸುತ್ತಿದ್ದರು. ಸೂಜಿ ಇನ್ನೊಂದು ಕೈಯಲ್ಲಿ. "ರಕ್ತ ಹೋಗಿ ಎಲ್ಲಾ ಒಳಗ ಕುಂತಾವ ನೋಡ್ರಿ. ಸಣ್ಣ ಕೂಸು ಬ್ಯಾರೆ. ಎಲ್ಲಿ ಹುಡಕಿದ್ರೂ ನರಾನ ಸಿಗವಲ್ದು."

ಕಸ್ತೂರಿಯ ಬಾಯಿ ಅಭ್ಯಾಸಬಲದಿಂದ ತೆರೆಯಿತು. "ಅಭಿ—" ಎಂದು, ಅಲ್ಲಿಗೇ ನಿಂತಿತು.

ಮಗಳ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟು ಬಿಸಿಯಾಗುವವರೆಗೆ ತಿಕ್ಕಿದಳು. ಮಂಚದಿಂದ ಕೆಳಗೆ ಇಳಿಬಿಟ್ಟಳು. ಮುಂಗೈಯ ಬೆನ್ನಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಚರ್ಮದಡಿಯಲ್ಲಿ ತೆಳ್ಳಗೆ, ನಾಚಿಕೊಂಡಂತೆ, ಒಂದು ಹಸಿರು ಗೆರೆ ಎದ್ದಿತು.

"ಇಲ್ಲೈತಿ ನೋಡ್ರಿ," ಎಂದಳು. "ನರಾ."

ದಿಂಬಿನ ಕಡೆಯಿಂದ ಒಂದು ಗೊಗ್ಗರು ಪಿಸುದನಿ ಬಂತು. ಕಣ್ಣು ಇನ್ನೂ ಮುಚ್ಚಿಯೇ ಇತ್ತು.

"ನರಾ ಅಲ್ಲ ಅವ್ವಾ... ಅಭಿಧಮನಿ."

ಸೂಜಿ ಹಿಡಿದ ನರ್ಸಮ್ಮ ನಕ್ಕುಬಿಟ್ಟರು. ಬಾಗಿಲಲ್ಲಿ ಹುಲಿಗೆಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಕಸ್ತೂರಿ ಮಗಳ ಹಣೆಯ ಮೇಲೆ ಅಂಟಿದ್ದ ಕೂದಲನ್ನು ಹಿಂದೆ ಸರಿಸಿದಳು.

"ಹೂಂನವಾ. ಪರೀಕ್ಷಾದಾಗ ಹಂಗನ ಬರಿ," ಎಂದಳು. "ಕೈಯಾಗ ಇರೂದು ಮಾತ್ರ ನರಾನ."